‘ರೆಟ್ರೊ’ ಕಾರಿಗೆ ‘ಹಳೇ ಧಾಟಿ’ ಅನ್ನಬಹುದೇ?

ಎರಡು ಸೀಟಿನ ಒಂದು ಪುಟ್ಟ ಸ್ಪೋರ್ಟ್ಸ್ ಕಾರನ್ನು ವಿನ್ಯಾಸ ಮಾಡುತ್ತಿದ್ದೇನೆ. ಬೆನ್ನಿಗೆ ಯಾವ ಕಂಪನಿಯೂ ಇಲ್ಲ, ಒಬ್ಬನೇ. ನೋಟ 1960ರ ದಶಕದ್ದು, ಒಳಗಿನದೆಲ್ಲ ಇವತ್ತಿನದು. ಇದರ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯೋಣ ಅಂತ ಕೂತೆ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ. ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ‘ರೆಟ್ರೊ’ ಅನ್ನುತ್ತಾರೆ, ಕನ್ನಡದಲ್ಲಿ ಏನನ್ನೋಣ?

‘ಹಳೇ ಶೈಲಿಯ ಕಾರು’ ಅಂತ ಬರೆದು ಗೆಳೆಯನಿಗೆ ತೋರಿಸಿದೆ. ‘ಎಷ್ಟು ಕಿಲೋಮೀಟರ್ ಓಡಿದೆ?’ ಅಂದ! ಲ್ಯಾಟಿನ್‌ನಲ್ಲಿ ರೆಟ್ರೊ ಅಂದರೆ ‘ಹಿಂದಕ್ಕೆ’. ಹಾಗಂತ ‘ಹಿಮ್ಮುಖ ಕಾರು’ ಅಂದರೆ ರಿವರ್ಸ್ ಗೇರೇ ನೆನಪಾಗುತ್ತದೆ. ಸ್ಪೋರ್ಟ್ಸ್ ಕಾರನ್ನು ‘ಆಟದ ಕಾರು’ ಮಾಡಿದರೆ ಅದು ನೇರ ಮಕ್ಕಳ ಕೈಗೆ ಹೋಗುತ್ತದೆ, ಅಲ್ವಾ? ಅದನ್ನಂತೂ ಸುಮ್ನೆ ಹಾಗೇ ಬಿಟ್ಟಿದ್ದೇನೆ.

ತೊಡಕು ಇರುವುದು ಪಕ್ಕದ ಪದಗಳಲ್ಲಿ: ಹಳೇದು, ಮುಂದುವರಿದದ್ದು, ನಕಲು. ಇಂಗ್ಲೆಂಡಿನ ಲೋಟಸ್ ಕಂಪನಿಯ 1962ರ ಎಲಾನ್ ಹಳೇ ಕಾರು, ಮಾತು ಮುಗಿಯಿತು. 1957ರ ಲೋಟಸ್ ಸೆವೆನ್ ಕತೆ ಬೇರೆ. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಅನ್ನುವ ಕಂಪನಿಗೆ ಹೋಯಿತು, ಅವರು ಅದೇ ಬಗೆಯ ಕಾರು ಮಾಡುತ್ತಲೇ ಬಂದರು. ಅದು ರೆಟ್ರೊ ಅಲ್ಲ, ನಿಲ್ಲದೆ ಮುಂದುವರಿದದ್ದು. 1991ರ ನಿಸಾನ್ ಫಿಗಾರೊ ಮಾತ್ರ ಅಪ್ಪಟ ರೆಟ್ರೊ: ಅಡಿಯಲ್ಲಿ ನಿಸಾನ್‌ನದೇ ಆಗಿನ ಪುಟ್ಟ ಕಾರು ಮೈಕ್ರಾ, ಮೇಲೆ ಯಾವುದೋ ಹಳೇ ಕಾಲದ ಮುಖ. 1989ರ ಮಾಜ್ಡಾ ಎಂಎಕ್ಸ್-5 ಎಲಾನ್‌ನ ಗುಣವನ್ನು ಹಿಡಿಯಿತು, ಆದರೆ ಅದನ್ನು ಎಲಾನ್‌ನ ನಕಲು ಅನ್ನಲು ನನಗೆ ಮನಸ್ಸಿಲ್ಲ.

ನಕಲಿಗೂ ರೆಟ್ರೊಗೂ ನಡುವಿನ ಗೆರೆ ಎಷ್ಟು ಸಣ್ಣದು ಅನ್ನುವುದು ಕ್ಲೇ ಮಾಡೆಲ್, ಅಂದರೆ ಕಾರಿನ ಮಣ್ಣಿನ ಮಾದರಿ, ಅದರ ಮುಂದೆ ಕೂತಾಗ ಗೊತ್ತಾಗುತ್ತದೆ. ನನ್ನದು ನಾಲ್ಕನೇ ಒಂದರ ಅಳತೆಯದು. ದೀಪದ ಅಂಚನ್ನು ಎರಡು ಮಿಲಿಮೀಟರ್ ಕೆರೆದರೆ ನಿಜವಾದ ಕಾರಿನಲ್ಲಿ ಎಂಟು. ಮೊನ್ನೆ ದೀಪಗಳನ್ನು ಸ್ವಲ್ಪ ಮೇಲಕ್ಕೆತ್ತಿದೆ. ನೋಡುತ್ತಿದ್ದಂತೆ 1958ರ ಆಸ್ಟಿನ್-ಹೀಲಿ ಸ್ಪ್ರೈಟ್ ಎದುರಿಗೆ ಬಂದು ಕೂತಿತು! ಇಂಗ್ಲಿಷರು ‘ಫ್ರಾಗ್‌ಐ’ ಅಂತ ಅಡ್ಡಹೆಸರಿಟ್ಟ ಕಾರು ಅದು. ಕನ್ನಡದಲ್ಲಿ ‘ಕಪ್ಪೆಗಣ್ಣು’ ಎಷ್ಟು ಸಲೀಸಾಗಿ ಕೂರುತ್ತದೆ ನೋಡಿ. (ಸ್ಪ್ರೈಟ್ ಮಾಡಿದವರಿಗೆ ದೀಪ ಮಡಚಿಕೊಳ್ಳುವ ಏರ್ಪಾಡು ಮೊದಲು ಯೋಚನೆಯಲ್ಲಿತ್ತು. ಖರ್ಚು ಜಾಸ್ತಿ ಅಂತ ಕೈಬಿಟ್ಟರು, ಕಪ್ಪೆಗಣ್ಣು ಹುಟ್ಟಿತು.) ಮತ್ತೆ ಕೆರೆದು ಕೆಳಗಿಳಿಸಿದೆ.

ಆಗ ಹೊಳೆದದ್ದು ‘ಧಾಟಿ’. ಈಗ ಯಾರಾದರೂ ಕಂದಪದ್ಯ ಬರೆದರೆ ಅದನ್ನು ಹಳೇ ಪದ್ಯ ಅನ್ನುವುದಿಲ್ಲ, ನಕಲು ಅನ್ನುವುದಿಲ್ಲ. ಹಳೇ ಧಾಟಿಯ ಹೊಸ ಪದ್ಯ ಅನ್ನುತ್ತೇವೆ. ‘ಹಳೇ ಧಾಟಿಯ ಹೊಸ ಕಾರು’ ಅಂದರೆ ಕಿಲೋಮೀಟರ್ ಪ್ರಶ್ನೆ ಏಳುವುದಿಲ್ಲ. ‘ಹಳೇ ಗತ್ತು’ ಕೂಡ ಮನಸ್ಸಿಗೆ ಬಂತು. ಆದರೆ ಗತ್ತಿನಲ್ಲಿ ಸ್ವಲ್ಪ ಜಂಬ ಇದೆ, ನನ್ನ ಕಾರಿಗೆ ಅದು ಹೊಂದುವುದಿಲ್ಲ.

ಒಂದೇ ಅನುಮಾನ. ಧಾಟಿ ಕಿವಿಯ ಪದ: ಹಾಡಿನ ಧಾಟಿ, ಮಾತಿನ ಧಾಟಿ. ಬರವಣಿಗೆಗೂ ಹತ್ತಿದೆ, ನಿಜ. ಕಣ್ಣಿಗೆ ಕಾಣುವ ವಸ್ತುವಿಗೆ, ಮನೆಗೋ ಬಟ್ಟೆಗೋ ಕುರ್ಚಿಗೋ, ಯಾರಾದರೂ ‘ಧಾಟಿ’ ಅಂದದ್ದನ್ನು ಕೇಳಿದ್ದೀರಾ? ಇಲ್ಲವಾದರೆ ನಿಮ್ಮ ಕಡೆ ಇದಕ್ಕೆ ಏನನ್ನುತ್ತಾರೆ?