ಮರ ಕೀಸುವ ಸಾಧನಕ್ಕೆ ಯಾವ ಪದ? (ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು)

ಎಲ್ಲರಿಗೂ ನಮಸ್ಕಾರ.

ನಮ್ಮ ತಾತನ ಮರಗೆಲಸದ ಸಾಮಾನುಗಳನ್ನೆಲ್ಲ ಜೋಡಿಸಿ, ಮನೆಮಂದಿ ಸೇರುವ ದಿನ ತೋರಿಸಬೇಕು ಅಂತಿದ್ದೇವೆ. ಒಂದೊಂದರ ಕೆಳಗೂ ಒಂದು ಚೀಟಿ. ಉಳಿ, ಬಾಚಿ, ಗರಗಸ, ಬೈರಿಗೆ, ಕೊಡತಿ, ಮೂಲೆಮಟ್ಟ ಇವಕ್ಕೆ ತೊಂದರೆ ಇಲ್ಲ. ಸಿಕ್ಕಿಕೊಂಡಿರುವುದು ‘ಪ್ಲೇನ್’ ಹತ್ತಿರ. ಅಮ್ಮ ಹತ್ತರಿ ಅಂತಾರೆ, ಚಿಕ್ಕಪ್ಪ ತೋಪಡ ಅಂತಾರೆ, ನಿಘಂಟು ನೋಡಿದರೆ ಕೀಸುಳಿ, ಉಜ್ಜುಗೊರಡು ಕೂಡ ಇವೆ. ಇನ್ನೊಂದು ಪ್ರಶ್ನೆ: ಅದನ್ನು ತಳ್ಳಿದಾಗ ಸುತ್ತಿಕೊಂಡು ಬರುವ ತೆಳುವಾದ ಮರದ ಪಟ್ಟಿಗೆ ಏನನ್ನಬೇಕು? ಚಿಕ್ಕವರಿದ್ದಾಗ ನಾವೆಲ್ಲ ಅದನ್ನೇ ಬಳೆ, ಉಂಗುರ ಮಾಡಿಕೊಂಡು ಆಡುತ್ತಿದ್ದೆವು, ಅದಕ್ಕೇ ಅದನ್ನೂ ಒಂದು ಗಾಜಿನ ಡಬ್ಬಿಯಲ್ಲಿ ತುಂಬಿ ಇಡುತ್ತಿದ್ದೇವೆ. ದಯವಿಟ್ಟು ಬೇಗ ಹೇಳಿ.

ಉತ್ತರ:

ಕೀಸುಳಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಕೀಸು ನಮ್ಮದು, ಉಳಿ ನಮ್ಮದು. ತಮಿಳಿನ ಇೞೈಪ್ಪುಳಿ ನೋಡಿ, ಅದೂ ‘ಉಳಿ’ಯಿಂದಲೇ ಕಟ್ಟಿದ್ದು. ನೆರೆಯ ನುಡಿ ತನ್ನ ಪದವನ್ನು ಬಳಸುತ್ತಲೇ ಇದೆ, ನಾವು ಮಾತ್ರ ನಿಘಂಟಿನಲ್ಲಿ ಇಟ್ಟು ಮರೆತಿದ್ದೇವೆ. ಸುರುಳಿ ಪಟ್ಟಿಗೆ ‘ಕೀಸುಸುರುಳಿ’ ಅನ್ನಿ. ಪ್ಲೇನ್ ಅಂತ ಮಾತ್ರ ಬರೆಯಬೇಡಿ.

ಉತ್ತರ:

ಸಾರ್, ನಿಘಂಟಿನಲ್ಲಿ ಇದೆ ಅಂದ ಮಾತ್ರಕ್ಕೆ ಆಯ್ತಾ? ಚೀಟಿಯ ಮೇಲೆ ಕೀಸುಳಿ ಅಂತ ಓದಿದ ಮಗು ಪಕ್ಕದಲ್ಲಿರುವ ಉಳಿಯನ್ನೇ ನೋಡುತ್ತದೆ. ಈ ಸಾಧನದಲ್ಲಿ ಕೈಗೆ ಸಿಗುವುದು ಉಳಿ ಅಲ್ಲ, ಒಂದು ಮರದ ಕಟ್ಟು. ಅಲಗು ಅದರ ಹೊಟ್ಟೆಯಲ್ಲಿ ಓರೆಯಾಗಿ ಕೂತಿರುತ್ತದೆ, ಬೆಣೆ ಬಡಿದು ಬಿಗಿ ಮಾಡಿರುತ್ತಾರೆ. ಆ ಕಟ್ಟು ಇರುವುದರಿಂದಲೇ ಅಲಗು ಒಂದೇ ಆಳಕ್ಕೆ ಕಚ್ಚುತ್ತದೆ, ಹಲಗೆ ಸಮ ಬರುತ್ತದೆ.

ನಮ್ಮಪ್ಪ ಬಡಗಿ. ನಮ್ಮನೆಯಲ್ಲಿ ಅದು ಹತ್ತರಿ. ಅಪ್ಪ ನನ್ನ ಕೈಯನ್ನು ಅದರ ಮೇಲಿಟ್ಟು, ಮೇಲೆ ತಮ್ಮ ಕೈ ಇಟ್ಟು ತಳ್ಳಿಸುತ್ತಿದ್ದರು. ಮರದ ಎಳೆ ಹೋಗುವ ಕಡೆಗೇ ತಳ್ಳಬೇಕು, ಎದುರು ತಳ್ಳಿದರೆ ಮರ ಕಿತ್ತು ಬರುತ್ತೆ ಅಂತ ಬಾಯಲ್ಲಿ ಹೇಳುವುದಕ್ಕಿಂತ ಮೊದಲೇ ಕೈಗೆ ಗೊತ್ತಾಗಿರುತ್ತಿತ್ತು. ಅಲಗು ಚೆನ್ನಾಗಿ ಸಾಣೆ ಹಿಡಿದಿದ್ದರೆ ಉದ್ದಕ್ಕೂ ಒಂದೇ ಸುರುಳಿ, ಸರ್ ಅಂತ ಸದ್ದು, ಹಸಿ ಮರದ ವಾಸನೆ. ಅಷ್ಟು ಖುಷಿ ಕೊಟ್ಟ ಕೆಲಸ ನನಗೆ ಆಮೇಲೆ ಇನ್ನೊಂದು ಸಿಕ್ಕಿಲ್ಲ. ಮೊಂಡಾಗಿದ್ದರೆ ಬರೀ ಚೂರು.

ಗರಗಸದಿಂದ ಬರುವುದು ಹೊಟ್ಟು, ಹತ್ತರಿಯಿಂದ ಬರುವುದು ಸುರುಳಿ. ‘ಮರದ ಸುರುಳಿ’ ಅಂತ ಬರೆಯಿರಿ, ಸಾಕು. ಕೀಸುಸುರುಳಿ ಅಂತ ಒಂದು ಸಲ ಜೋರಾಗಿ ಹೇಳಿ ನೋಡಿ, ಎರಡು ‘ಸು’ ನಾಲಿಗೆಗೆ ತೊಡರುತ್ತವೆ.

ಉತ್ತರ:

ನಾಲಿಗೆಗೆ ಅಭ್ಯಾಸ ಆಗುತ್ತದೆ ಮೇಡಂ. ತೋಪಡ ಬೇಡವೇ ಬೇಡ, ತೆಲುಗಿನಲ್ಲೂ ಅದೇ ಇದೆ. ಇವತ್ತು ತೋಪಡ, ನಾಳೆ ಪ್ಲೇನ್. ಹೀಗೇ ಒಂದೊಂದು ಕಸುಬಿನ ಪದವೂ ಹೋಗುತ್ತದೆ.

ಉತ್ತರ:

ತೆಲುಗಿನಲ್ಲಿ ಇದೆ ಅಂದರೆ ನಮ್ಮದಲ್ಲ ಅಂತ ಹೇಗಾಯಿತು? ಆ ಲೆಕ್ಕದಲ್ಲಿ ಉಳಿಯನ್ನೂ ಬಿಡಬೇಕು, ಅದು ತಮಿಳಲ್ಲೂ ಮಲಯಾಳದಲ್ಲೂ ಇದೆ.

ಎರವಲಿನ ಮಾತೇ ಆದರೆ ‘ಬಡಗಿ’ಯಿಂದ ಶುರು ಮಾಡಿ. ಸಂಸ್ಕೃತದ ವರ್ಧಕಿ ಪ್ರಾಕೃತದಲ್ಲಿ ವಡ್ಢಕಿ ಆಗಿ ನಮ್ಮಲ್ಲಿ ಬಡಗಿ ಆಯಿತು. ಗರಗಸಕ್ಕೆ ಕ್ರಕಚ ಅಂತ ಶಾಲೆಯ ತತ್ಸಮ ತದ್ಭವದ ಪಟ್ಟಿಯಲ್ಲೇ ಓದಿದ್ದೇವೆ. ಅವನು ಮಾಡುವ ಕುರ್ಚಿ ಅರಬ್ಬಿಯಿಂದ ಬಂದದ್ದು, ಅಲಮಾರು ಪೋರ್ಚುಗೀಸಿನದು. ಇವನ್ನೆಲ್ಲ ತೆಗೆದರೆ ಬಡಗಿಯ ಕೊಟ್ಟಿಗೆಯಲ್ಲಿ ಮಾತಾಡುವುದು ಹೇಗೆ? ಕೆಲಸ ಮಾಡುವವರು ಬಾಯಲ್ಲಿ ಇಟ್ಟುಕೊಂಡಿರುವುದೇ ಪದ.

ಉತ್ತರ:

ವಡ್ಢಕಿ ಬಡಗಿ ಆಗಬೇಕಾದರೆ ಕನ್ನಡ ಅದನ್ನು ತನ್ನ ಕಿವಿಗೆ ತಕ್ಕಂತೆ ಕೆತ್ತಿಕೊಂಡಿತು. ಪ್ಲೇನ್ ಬಂದ ಹಾಗೇ ಕೂತಿದೆ. ವ್ಯತ್ಯಾಸ ಅಲ್ಲಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಉತ್ತರ:

ಇಲ್ಲಿ ಪ್ಲೇನ್ ಬೇಕು ಅಂದವರು ಯಾರು ಸಾರ್? ಯಾರೂ ಅಂದಿಲ್ಲ. ಅವರಿಗೆ ನಾಳೆ ಬೆಳಿಗ್ಗೆ ಚೀಟಿ ಬೇಕು. ಕೇಳಿದವರಿಗೇ ಒಂದು ಪ್ರಶ್ನೆ: ನಿಮ್ಮ ತಾತ ಅದನ್ನು ಏನು ಅಂತ ಕರೆಯುತ್ತಿದ್ದರು?

ಉತ್ತರ:

ಅಮ್ಮನನ್ನು ಕೇಳಿದೆ. ತಾತ ಹತ್ತರಿ ಅಂತಲೇ ಅನ್ನುತ್ತಿದ್ದರಂತೆ. ಚಿಕ್ಕಪ್ಪ ಆಮೇಲೆ ಬೇರೆ ಮೇಸ್ತ್ರಿ ಹತ್ತಿರ ಕೆಲಸ ಕಲಿತರು, ತೋಪಡ ಅಲ್ಲಿಂದ ಬಂದಿರಬೇಕು. ಹಾಗಾಗಿ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಹತ್ತರಿ, ಕೆಳಗೆ ಚಿಕ್ಕದಾಗಿ ತೋಪಡ, ಡಬ್ಬಿಯ ಮೇಲೆ ‘ಮರದ ಸುರುಳಿ’. ಕೀಸುಳಿಗೆ ಈ ಚೀಟಿಯಲ್ಲಿ ಜಾಗ ಇಲ್ಲ, ಆದರೆ ವಿವರಣೆಯ ಸಾಲಿನಲ್ಲಿ ‘ಮರ ಕೀಸಿ ಸಮ ಮಾಡುವ ಸಾಧನ’ ಅಂತ ಬರೆದಿದ್ದೇನೆ. ಅಚ್ಚಿಗೆ ಕಳಿಸುತ್ತಿದ್ದೇನೆ. ಎಲ್ಲರಿಗೂ ವಂದನೆ.

ಉತ್ತರ:

ಕ್ರಿಯಾಪದ ಉಳಿಯಿತು, ಹೆಸರು ಹೋಯಿತು. ನನಗೆ ಒಪ್ಪಿಗೆ ಇಲ್ಲ.