ಮಕ್ಕಳಿಗೆ ಫ್ಲೂ ಲಸಿಕಿ ಹಾಕಸೂದೋ ಬ್ಯಾಡೋ?

ಪ್ರಶ್ನೆ (ಗದಗ): ಮಗಳಿಗೆ 4 ವರ್ಷ ರೀ, ಮತ್ತ ಎಚ್1ಎನ್1 (ಹಂದಿ ಜ್ವರ ಅಂತಾರಲ್ಲ, ಆ ಫ್ಲೂ) ಸುದ್ದಿ ಎದ್ದೈತಿ, ಒಬ್ಬ ಡಾಕ್ಟ್ರು ಹಾಕಸ್ರಿ ಅಂತಾರ ಇನ್ನೊಬ್ರು ಸರ್ಕಾರಿ ಲಿಸ್ಟಿನ್ಯಾಗ ಇಲ್ಲ, ಕಡ್ಡಾಯ ಏನಲ್ಲ ಅಂತಾರ, ಅತ್ತಿಯವ್ರು ಅಂತೂ ಸೂಜಿಯಿಂದನ ಜ್ವರ ಬರ್ತದ ಅಂತ ಗದ್ದಲ. ಯಾರ ಮಾತು ಕೇಳೂದು?

ಉತ್ತರ (ಧಾರವಾಡ): ಇಬ್ರೂ ಸುಳ್ಳು ಹೇಳಿಲ್ಲ ಬಿಡ್ರಿ ಅಕ್ಕಾರ. ಲಿಸ್ಟಿನ್ಯಾಗ ಇಲ್ಲ ಖರೆ, ಆದ್ರ ಮಕ್ಕಳ ಡಾಕ್ಟರ್ ಸಂಘ ಐಎಪಿ 6 ತಿಂಗಳಿಂದ 5 ವರ್ಷದ ತನಕ ಪ್ರತಿ ವರ್ಷ ಹಾಕಸ್ರಿ ಅಂತದ. ಮೊದಲ್ನೇ ಸಲ ಅಂದ್ರ 4 ವಾರ ಬಿಟ್ಟು 2 ಡೋಸ್. ಸೂಜಿಯೊಳಗಿನ ವೈರಸ್ ಸತ್ತಿದ್ದು, ಅದರಿಂದ ಫ್ಲೂ ಬರೂದಿಲ್ಲ, ಒಂದೆರಡು ದಿನ ಮೈ ಬೆಚ್ಚಗಾಗಬಹುದು ಅಷ್ಟ.

ಉತ್ತರ (ಹುಬ್ಬಳ್ಳಿ): 2009ರ ಜೂನಿನ್ಯಾಗ ಈ ಎಚ್1ಎನ್1 ಪ್ಯಾಂಡೆಮಿಕ್ (ಜಗತ್ತಿನ ತುಂಬ ಹಬ್ಬಿದ ರೋಗ) ಅಂತ ಘೋಷಣೆ ಆದಾಗ ಅದಕ್ಕ ಲಸಿಕಿನ ಇರ್ಲಿಲ್ರಿ. ಈಗ ಐತಿ, ರೊಕ್ಕ ಹೋದ್ರೂ ಹಾಕಸ್ರಿ, ಪವರ್ ಬರಾಕ 2 ವಾರ ಬೇಕು, ತಡಾ ಮಾಡಬ್ಯಾಡ್ರಿ. ಅಲರ್ಜಿ ಇದ್ರ ಮೊದಲ ಡಾಕ್ಟ್ರಿಗೆ ಹೇಳ್ರಿ.