ಪಿಎಚ್‌ಪಿ 7.4ರಿಂದ 8.2ಕ್ಕೆ: ಹಳೆಯ ನೋಂದಣಿ ಪ್ಲಗಿನ್ ಸದ್ದಿಲ್ಲದೆ ಕೈಕೊಡುತ್ತಿದೆ

ಚುಕ್ಕಿಬಳ್ಳಿ (ಪ್ರಶ್ನೆ):

ನಮ್ಮ ಸಂಸ್ಥೆಯ ಜಾಲತಾಣದಲ್ಲಿ ಕಾರ್ಯಕ್ರಮಗಳ ನೋಂದಣಿಗೆಂದೇ ಬರೆಸಿದ ಒಂದು ವರ್ಡ್‌ಪ್ರೆಸ್ ಪ್ಲಗಿನ್ (ತಾಣ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶಕ್ಕೆ ಸೇರಿಸುವ ಹೆಚ್ಚುವರಿ ಕೋಡ್) ಇದೆ. ಬರೆದವರು ಕೆಲಸ ಬಿಟ್ಟು ಬಹಳ ಕಾಲವಾಯಿತು, ಉಸ್ತುವಾರಿ ಈಗ ನನ್ನ ತಲೆಗೆ ಬಂದಿದೆ. ತಾಣ ಓಡುತ್ತಿರುವುದು ವರ್ಡ್‌ಪ್ರೆಸ್ 5.4 ಮತ್ತು ಅದನ್ನು ಬರೆದಿರುವ ಭಾಷೆಯಾದ ಪಿಎಚ್‌ಪಿ 7.4ರಲ್ಲಿ. ಹೋಸ್ಟಿಂಗ್‌ನವರು 7.4 ಅನ್ನು ತೆಗೆದುಹಾಕುತ್ತಾರಂತೆ.

ಪರೀಕ್ಷೆಗೆಂದು ತಾಣದ ನಕಲು ಮಾಡಿ, ವರ್ಡ್‌ಪ್ರೆಸ್ 6.6 ಮತ್ತು ಪಿಎಚ್‌ಪಿ 8.2 ಎರಡನ್ನೂ ಒಮ್ಮೆಲೇ ಹಾಕಿದೆ. ಪುಟವೇ ತೆರೆಯಲಿಲ್ಲ. ‘ಕ್ರಿಯೇಟ್ ಫಂಕ್ಷನ್’ ಎಂಬ ಪಿಎಚ್‌ಪಿ ಫಂಕ್ಷನ್ನೇ ಇಲ್ಲ ಎಂದು ಸರ್ವರ್‌ನ ಲಾಗ್ (ದೋಷಗಳ ದಾಖಲೆ) ಹೇಳಿತು. ಅದನ್ನು ಅನಾಮಿಕ ಫಂಕ್ಷನ್ನಾಗಿ ಬದಲಿಸಿದ ಮೇಲೆ ಪುಟ ತೆರೆಯಿತು. ಆದರೆ ನೋಂದಾಯಿಸಿದವರಿಗೆ ಇಮೇಲ್ ಹೋಗುತ್ತಿಲ್ಲ. ‘ಇನ್ನೊಬ್ಬರನ್ನು ಸೇರಿಸಿ’ ಎಂಬ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಎಲ್ಲಿಂದ ಹುಡುಕಲಿ?

ಅರ್ಧವಿರಾಮ:

ಮೊದಲು ವರ್ಡ್‌ಪ್ರೆಸ್, ಪಿಎಚ್‌ಪಿ ಎರಡರ ಬದಲಾವಣೆಯನ್ನು ಬೇರೆ ಬೇರೆ ಮಾಡಿ. ವರ್ಡ್‌ಪ್ರೆಸ್ 6.6ಕ್ಕೆ ಪಿಎಚ್‌ಪಿ 7.2.24 ಇದ್ದರೂ ಸಾಕು, ಆದ್ದರಿಂದ 7.4ರ ಮೇಲೆಯೇ ವರ್ಡ್‌ಪ್ರೆಸ್ ಏರಿಸಿ, ಎಲ್ಲವನ್ನೂ ಸರಿಪಡಿಸಿ, ಆಮೇಲೆ ಪಿಎಚ್‌ಪಿಯನ್ನು ಮುಟ್ಟಿ. ಹಾಗೆ ಮಾಡಿದರೆ ಯಾವ ತೊಂದರೆ ಯಾರದು ಎಂದು ತಾನಾಗಿಯೇ ತಿಳಿಯುತ್ತದೆ.

ಗುಂಡಿಯ ತೊಂದರೆ ಬಹುಶಃ ವರ್ಡ್‌ಪ್ರೆಸ್ ಕಡೆಯದು. ಬ್ರೌಸರ್‌ನಲ್ಲಿ ಓಡುವ ಜೆಕ್ವೆರಿ ಎಂಬ ಕೋಡ್ ಸಂಗ್ರಹದಲ್ಲಿ, ಗುಂಡಿ ಒತ್ತಿದಾಗ ಏನಾಗಬೇಕೆಂದು ಜೋಡಿಸುವ ‘ಲೈವ್’ ಅದರ 1.9ರಲ್ಲೇ ಹೋಗಿತ್ತು. ವರ್ಡ್‌ಪ್ರೆಸ್ ಜೊತೆಗೆ ಬರುತ್ತಿದ್ದ ಹಳೆಯ ‘ಜೆಕ್ವೆರಿ ಮೈಗ್ರೇಟ್’ ಅದನ್ನು ಹೇಗೋ ಬದುಕಿಸಿಟ್ಟಿತ್ತು. 2020ರ ಆಗಸ್ಟ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.5ರಲ್ಲಿ ಆ ಊರುಗೋಲನ್ನೂ ತೆಗೆದರು. ಬ್ರೌಸರ್‌ನ ಕನ್ಸೋಲ್ ತೆರೆಯಿರಿ, ಕೆಂಪು ಸಾಲು ಅಲ್ಲಿರುತ್ತದೆ; ಸರ್ವರ್ ಲಾಗ್‌ನಲ್ಲಿ ಎಷ್ಟು ಹುಡುಕಿದರೂ ಸಿಗದು. ‘ಲೈವ್’ ಇದ್ದಲ್ಲಿ ‘ಆನ್’ ಬರೆಯಿರಿ.

ಇಮೇಲ್ ಕಳಿಸುವ ಕ್ಲಾಸ್‌ನಲ್ಲಿ (ಸಂಬಂಧಪಟ್ಟ ಕೋಡನ್ನು ಒಟ್ಟಿಗಿಟ್ಟ ಕಟ್ಟು) ಕ್ಲಾಸಿನ ಹೆಸರನ್ನೇ ಹೊತ್ತ ಮೆಥಡ್ (ಅದರೊಳಗಿನ ಫಂಕ್ಷನ್) ಇದೆಯೇ ನೋಡಿ. ಅದು ಪಿಎಚ್‌ಪಿ 4ರ ಕಾಲದ ಕನ್ಸ್ಟ್ರಕ್ಟರ್, ಅಂದರೆ ಕ್ಲಾಸ್ ಬಳಕೆಗೆ ಬಂದಾಗ ತಾನಾಗಿಯೇ ಓಡುವ ಮೆಥಡ್. 8.0ರಿಂದ ಅದಕ್ಕೆ ಆ ಮರ್ಯಾದೆ ಇಲ್ಲ, ಎಲ್ಲ ಮೆಥಡ್‌ಗಳಂತೆ ಅದೂ ಒಂದು. ಯಾರೂ ಕರೆಯುವುದಿಲ್ಲ, ಹುಕ್‌ಗಳು (ಯಾವಾಗ ಯಾವ ಕೋಡ್ ಓಡಬೇಕೆಂಬ ಕೊಂಡಿಗಳು) ನೋಂದಣಿಯಾಗುವುದಿಲ್ಲ, ದೋಷವೂ ಬರುವುದಿಲ್ಲ. ತಮಾಷೆಯೆಂದರೆ, 7.4 ಈ ಬಗ್ಗೆ ಎಚ್ಚರಿಸುತ್ತಲೇ ಇತ್ತು. ಆದರೆ ವರ್ಡ್‌ಪ್ರೆಸ್‌ನಲ್ಲಿ ದೋಷ ಹುಡುಕುವ ಡೀಬಗ್ ಆಫ್ ಆಗಿದ್ದರೆ ‘ಡೆಪ್ರಿಕೇಟೆಡ್’ (ಇದನ್ನು ಇನ್ನು ಬಳಸಬೇಡಿ ಎಂಬ) ಸೂಚನೆಗಳು ಲಾಗ್‌ಗೆ ಬರುವುದೇ ಇಲ್ಲ.

ಆದರೆ ನನಗೆ ನಿಜವಾದ ಭಯ ನೀವು ಇನ್ನೂ ಕೇಳದ ವಿಷಯದ್ದು. ಖಾಲಿ ಸ್ಟ್ರಿಂಗ್ (ಅಕ್ಷರಗಳ ಸಾಲು) ಅನ್ನು ಸೊನ್ನೆಗೆ ‘==’ ಹಾಕಿ ಹೋಲಿಸಿದರೆ 7.4ರಲ್ಲಿ ಉತ್ತರ ‘ಹೌದು’, 8ರಲ್ಲಿ ‘ಅಲ್ಲ’. ಆಯ್ಕೆಪಟ್ಟಿಯಲ್ಲಿ ಏನನ್ನೂ ಆರಿಸದವರನ್ನು ಈ ಹೋಲಿಕೆಯಿಂದ ತಡೆಯುತ್ತಿದ್ದರೆ, 8ರಲ್ಲಿ ಅವರೆಲ್ಲ ಸಲೀಸಾಗಿ ಒಳಗೆ ಬರುತ್ತಾರೆ. ಪುಟ ಒಡೆದರೆ ಯಾರಾದರೂ ದೂರುತ್ತಾರೆ. ಡೇಟಾಬೇಸ್‌ನಲ್ಲಿ ಖಾಲಿ ಸಾಲುಗಳು ಸೇರಿಕೊಂಡರೆ ಯಾರು ನೋಡುತ್ತಾರೆ? ಕೋಡ್ ಪರಿಶೀಲಿಸುವ ಸಾಧನವಾದ ಪಿಎಚ್‌ಪಿ ಕೋಡ್‌ಸ್ನಿಫರ್‌ಗೆ ‘ಪಿಎಚ್‌ಪಿ ಕಂಪ್ಯಾಟಿಬಿಲಿಟಿ’ ನಿಯಮಗಳನ್ನು ಕೊಟ್ಟು ಓಡಿಸಿದರೆ ಕಾಣೆಯಾದ ಫಂಕ್ಷನ್‌ಗಳು, ಹಳೆಯ ಕನ್ಸ್ಟ್ರಕ್ಟರ್‌ಗಳು ಸಿಗುತ್ತವೆ. ಈ ಹೋಲಿಕೆ ಮಾತ್ರ ಸಿಗುವುದಿಲ್ಲ, ಕಣ್ಣಿಟ್ಟು ಓದಲೇಬೇಕು.

ತೆರೆದಾವರಣ:

ಇಷ್ಟೆಲ್ಲ ತೇಪೆ ಹಾಕುವ ಬದಲು ಹೊಸದಾಗಿ ಬರೆಯುವುದು ಮೇಲಲ್ಲವೇ? 8.2ರಲ್ಲಿ ಡೈನಾಮಿಕ್ ಪ್ರಾಪರ್ಟಿಗಳ ಗೊಣಗಾಟವೂ ಶುರುವಾಗುತ್ತದೆ. ಘೋಷಿಸದ ಪ್ರಾಪರ್ಟಿಗೆ (ಕ್ಲಾಸಿನೊಳಗಿನ ವೇರಿಯಬಲ್) ಬೆಲೆ ಕೊಟ್ಟಲ್ಲೆಲ್ಲ ಒಂದೊಂದು ಸೂಚನೆ.

ಅರ್ಧವಿರಾಮ:

ಬೇಡ. ಹೊಸದಾಗಿ ಬರೆಯಲು ಹಳೆಯದು ಏನೇನು ಮಾಡುತ್ತಿತ್ತು ಎಂದು ಗೊತ್ತಿರಬೇಕು, ಇಲ್ಲಿ ಅದು ಯಾರಿಗೂ ಗೊತ್ತಿಲ್ಲ. ಡೈನಾಮಿಕ್ ಪ್ರಾಪರ್ಟಿಯಿಂದ 8.2ರಲ್ಲಿ ಏನೂ ನಿಲ್ಲುವುದಿಲ್ಲ. ಪ್ರಾಪರ್ಟಿಗಳನ್ನು ಕ್ಲಾಸಿನ ಮೇಲ್ಭಾಗದಲ್ಲಿ ಘೋಷಿಸಿದರೆ ಮುಗಿಯಿತು. ಸಮಯವಿಲ್ಲದಿದ್ದರೆ ಕ್ಲಾಸಿನ ಮೇಲಿನ ಸಾಲಿನಲ್ಲಿ ‘ಅಲೌ ಡೈನಾಮಿಕ್ ಪ್ರಾಪರ್ಟೀಸ್’ ಆಟ್ರಿಬ್ಯೂಟ್ (ಕ್ಲಾಸಿಗೆ ಅಂಟಿಸುವ ಗುರುತು) ಹಾಕಿ. ಅದು ‘#’ ಚಿಹ್ನೆಯಿಂದ ಶುರುವಾಗುವುದರಿಂದ 7.4 ಅದನ್ನು ಬರೀ ಕಾಮೆಂಟ್ (ಓಡಿಸಬೇಕಿಲ್ಲದ ಟಿಪ್ಪಣಿ) ಎಂದುಕೊಂಡು ದಾಟಿಬಿಡುತ್ತದೆ. ಒಂದೇ ಕೋಡ್ ಎರಡೂ ಕಡೆ ಓಡುತ್ತದೆ, ಈಗ ಬೇಕಾಗಿರುವುದು ಅಷ್ಟೇ.

ಚುಕ್ಕಿಬಳ್ಳಿ:

ಇಮೇಲ್ ಮತ್ತು ಗುಂಡಿ ಎರಡೂ ನೀವು ಹೇಳಿದ ಹಾಗೆಯೇ ಇದ್ದವು, ಸರಿಯಾದವು. ಹೋಲಿಕೆಯೂ ಸಿಕ್ಕಿತು: ವಿಭಾಗ ಆರಿಸದೆ ಸಲ್ಲಿಸಿ ನೋಡಿದೆ, 8.2ರಲ್ಲಿ ನೋಂದಣಿ ಆಗಿಯೇ ಬಿಟ್ಟಿತು. ‘==’ ಇದ್ದಲ್ಲೆಲ್ಲ ‘===’ ಹಾಕಿಬಿಡಲೇ?

ಅರ್ಧವಿರಾಮ:

ಅಯ್ಯೋ, ಹಾಗೆ ಮಾತ್ರ ಮಾಡಬೇಡಿ. ‘===’ ಬೆಲೆಯ ಜೊತೆ ಬಗೆಯನ್ನೂ ಹೋಲಿಸುತ್ತದೆ. ಫಾರಂನ ಪಠ್ಯ ಪೆಟ್ಟಿಗೆ, ಆಯ್ಕೆಪಟ್ಟಿಗಳಿಂದ ಬರುವುದು ಸ್ಟ್ರಿಂಗ್; ಉದ್ಧರಣ ಚಿಹ್ನೆಯೊಳಗಿನ ಸೊನ್ನೆ ಕೂಡ ‘===’ಗೆ ಸೊನ್ನೆಯಲ್ಲ. ಆಗ ತಡೆ ಎರಡೂ ಆವೃತ್ತಿಗಳಲ್ಲಿ ಸತ್ತುಹೋಗುತ್ತದೆ. ಈ ಜಾಗಕ್ಕೆ ಪಿಎಚ್‌ಪಿಯ ‘ಎಂಪ್ಟಿ’ ಎಂಬ ಪರೀಕ್ಷೆ ಸಾಕು. ಖಾಲಿ ಸ್ಟ್ರಿಂಗ್, ಸ್ಟ್ರಿಂಗ್ ಆಗಿ ಬಂದ ಸೊನ್ನೆ, ಬಾರದೇ ಹೋದ ಫೀಲ್ಡ್, ಮೂರನ್ನೂ ಅದು ಹಿಡಿಯುತ್ತದೆ. ಉಳಿದ ಹೋಲಿಕೆಗಳನ್ನು ಒಂದೊಂದಾಗಿ ನೋಡಿ, ಎಡಿಟರ್‌ನಲ್ಲಿ ಒಟ್ಟಿಗೆ ಬದಲಿಸುವ ಗುಂಡಿಯ ಹತ್ತಿರ ಹೋಗಬೇಡಿ.